ಒಂದೇ ಗೂಡು, ನಾಲ್ಕು ಪ್ರಾಯದ ಕೋಳಿ

ಪ್ರಶ್ನೆ: ನಮ್ಮದು ಹಿರಿಯಡ್ಕದ ಹತ್ತಿರ ತೋಟದ ಮನೆ. ಹಿತ್ತಿಲಿನ ಹಳೆಯ ಸೌದೆ ಕೊಟ್ಟಿಗೆಯನ್ನು ಕೋಳಿಗೂಡು ಮಾಡಿಕೊಂಡಿದ್ದೇವೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಎಂಟು ಊರ ಹೇಂಟೆ, ಒಂದು ಹುಂಜ ಮೊದಲಿನಿಂದ ಇವೆ. ಗಾಡಿಯಲ್ಲಿ ಮಾರಿಕೊಂಡು ಬಂದವರಿಂದ ಹನ್ನೆರಡು ಗಿರಿರಾಜ ತಳಿಯ ಮರಿ ಕೊಂಡೆ. ಅವಕ್ಕೆ ಈಗ ಆರು ವಾರ. ಮೂರು ವಾರದಿಂದ ಜಗಲಿಯ ಬದಿಯ ಪಂಜರದಲ್ಲಿವೆ. ಕಪ್ಪು ಹೇಂಟೆಯೊಂದು ಹೋದ ವಾರ ಏಳು ಮರಿ ಮಾಡಿದೆ. ಇದರ ನಡುವೆ ನಿನ್ನೆ ಅತ್ತಿಗೆ, ಒಂದು ದಿನದ ಹತ್ತು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟರು. ಎಲ್ಲವನ್ನೂ ಒಟ್ಟಿಗೆ ಬಿಡಬಹುದೇ? ಕಳೆದ ಮಳೆಗಾಲದಲ್ಲಿ ಹಾಗೆ ಬಿಟ್ಟು ಒಂಬತ್ತರಲ್ಲಿ ಆರು ಮರಿ ಸತ್ತವು. ಎರಡನ್ನು ದೊಡ್ಡವು ಕುಕ್ಕಿದ್ದನ್ನು ನಾನೇ ನೋಡಿದೆ. ಉಳಿದ ನಾಲ್ಕು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತ, ಕೆಂಪು ಹಿಕ್ಕೆ ಹಾಕಿ ಸತ್ತವು. ಅದೂ ಕುಕ್ಕಿದ್ದರಿಂದಲೇ ಆಗಿರಬಹುದೇ? ಅತ್ತಿಗೆ ತಂದ ಮರಿಗಳನ್ನು ಕಪ್ಪು ಹೇಂಟೆಯ ಅಡಿಗೆ ಬಿಟ್ಟರೆ ಸಾಕಿಕೊಂಡೀತೇ?

ಉತ್ತರ: ಬಿಡಬೇಡಿ. ಕನಿಷ್ಠ ಈ ಮಳೆಗಾಲ ಕಳೆಯುವವರೆಗೆ ನಾಲ್ಕು ಗುಂಪೂ ಒಂದೇ ನೆಲದ ಮೇಲೆ ಓಡಾಡುವುದು ಬೇಡ. ಅತ್ತಿಗೆಯವರ ಹತ್ತು ಮರಿ ಬಿಟ್ಟು ಉಳಿದವು ಒಂದೇ ಮಾಡಿನ ಕೆಳಗೆ ಇರಲಿ, ಅಡ್ಡಿಯಿಲ್ಲ. ನಿಮ್ಮ ಕೊಟ್ಟಿಗೆ 80 ಚದರಡಿ ಇದೆ. ಬೆಳೆದ ಕೋಳಿಗೆ ತಲಾ ಎರಡರಿಂದ ಎರಡೂವರೆ ಚದರಡಿ, ಒಂದರಿಂದ ಎರಡು ತಿಂಗಳಿನದಕ್ಕೆ ಒಂದು ಚದರಡಿ, ಅದಕ್ಕಿಂತ ಚಿಕ್ಕದಕ್ಕೆ ಅರ್ಧ ಚದರಡಿ ಎಂದು ಹಿಡಿದರೂ ನಿಮ್ಮ ಎಲ್ಲ ಕೋಳಿಗೂ ಜಾಗ ಸಾಕಾಗಿ ಮಿಗುತ್ತದೆ. ಅಡಿಕೆ ದಬ್ಬೆ ಮತ್ತು ಸಣ್ಣ ಕಣ್ಣಿನ ತಂತಿಬಲೆಯಿಂದ ಅಡ್ಡಗೋಡೆ ಮಾಡಿ ಭಾಗ ಮಾಡಿದರೆ ಆಯಿತು. ಅಡ್ಡಗೋಡೆಯ ಬುಡದ ಒಂದೂವರೆ ಅಡಿಯನ್ನು ಹಲಗೆಯಿಂದಲೋ ತಗಡಿನಿಂದಲೋ ಮುಚ್ಚಿ. ಬಲೆ ಮಾತ್ರ ಇದ್ದರೆ ಆಚೆಯ ಕೋಳಿ ಕೆದರಿದ ಉಮಿ, ಹಿಕ್ಕೆ ಎಲ್ಲ ಈಚೆಯ ಮರಿಯ ನೀರಿನ ಬಟ್ಟಲಿಗೆ ಬಂದು ಬೀಳುತ್ತದೆ. ಅಡ್ಡಗೋಡೆ ಯಾಕೆ ಎನ್ನುವುದಕ್ಕೆ ಉತ್ತರ ಅಲ್ಲಿಯೇ ಇದೆ.

ಸತ್ತ ಆರರಲ್ಲಿ ಕೊಕ್ಕಿಗೆ ಬಲಿಯಾದದ್ದು ಎರಡು, ಹಿಕ್ಕೆಗೆ ಬಲಿಯಾದದ್ದು ನಾಲ್ಕು. ಪ್ರಾಯ ಬೆರೆಸಿ ಸಾಕುವವರು ನನ್ನ ಬಳಿ ಬಂದಾಗಲೆಲ್ಲ ಕುಕ್ಕುವ ಮಾತನ್ನೇ ಆಡುತ್ತಾರೆ, ಏಕೆಂದರೆ ಅದು ಕಣ್ಣೆದುರು ನಡೆಯುತ್ತದೆ. ಕೆಂಪು ಹಿಕ್ಕೆ ರಕ್ತಭೇದಿಯ ಗುರುತು. ಔಷಧದಂಗಡಿಯಲ್ಲಿ ಕಾಕ್ಸಿಡಿಯೋಸಿಸ್ ಎಂದರೆ ಅವರಿಗೆ ತಿಳಿಯುತ್ತದೆ. ಕುಕ್ಕುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಡೆಯುವುದು ಹೀಗೆ. ನಿಮ್ಮ ಎಂಟು ಹೇಂಟೆಗಳ ಕರುಳಿನಲ್ಲಿ ಈ ರೋಗದ ಏಕಕೋಶ ಜೀವಿ ಸ್ವಲ್ಪಮಟ್ಟಿಗೆ ಇದ್ದೇ ಇರುತ್ತದೆ. ಅವು ಮರಿಯಾಗಿದ್ದಾಗ ಸ್ವಲ್ಪ ಸ್ವಲ್ಪವೇ ನುಂಗಿ ಪ್ರತಿರೋಧ ಬೆಳೆಸಿಕೊಂಡಿವೆ; ಈಗ ಅವಕ್ಕೆ ಏನೂ ಆಗುವುದಿಲ್ಲ. ಆದರೆ ಹಿಕ್ಕೆಯಲ್ಲಿ ಅದರ ಬೀಜಕೋಶಗಳು ಹೊರಬೀಳುತ್ತಲೇ ಇರುತ್ತವೆ. ಬಿದ್ದ ಗಳಿಗೆಯಲ್ಲಿ ಆ ಕೋಶ ನಿರುಪದ್ರವಿ. ತೇವ, ಗಾಳಿ ಮತ್ತು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿತು ರೋಗ ತರುವಂತಾಗುತ್ತದೆ. ಪತ್ತನಾಜೆ ಕಳೆದು ಆಟಿ ಮುಗಿಯುವವರೆಗೆ, ಅಂದರೆ ಮೇ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ನಮ್ಮ ಕೋಳಿಗೂಡಿನ ಒಳಗಿನ ಹವೆ ಇದೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಆ ರೋಗವನ್ನು ಯಾರೂ ಕರೆದು ತರಬೇಕಿಲ್ಲ. ಮೂರರಿಂದ ಆರು ವಾರದ ಮರಿ ನೆಲ ಕೆದರಿ ತಿನ್ನುವಾಗ ಬಲಿತ ಕೋಶಗಳನ್ನು ರಾಶಿ ರಾಶಿಯಾಗಿ ನುಂಗುತ್ತದೆ, ನಾಲ್ಕೈದು ದಿನದಲ್ಲಿ ಕರುಳಿನ ಒಳಪೊರೆ ಹರಿದು ರಕ್ತ ಬರುತ್ತದೆ. ರೋಗ ಹಿಡಿದ ಮರಿ ತಾನೂ ಸಾವಿರಗಟ್ಟಲೆ ಕೋಶಗಳನ್ನು ನೆಲಕ್ಕೆ ಹಾಕುತ್ತದೆ.

ಫಿನಾಯಿಲು ಸುರಿದರೆ ಈ ಕೋಶ ಸಾಯುವುದಿಲ್ಲ. ಸಾಯುವುದು ಒಣಗಿದಾಗ ಮತ್ತು ಬೆಂಕಿಯ ಬಿಸಿ ತಗುಲಿದಾಗ. ಹಾಗಾಗಿ ಮರಿಗಳ ಭಾಗದಲ್ಲಿ ಹಳೆಯ ಹಾಸನ್ನು ಪೂರ್ತಿ ಗುಡಿಸಿ ತೆಂಗಿನ ಬುಡಕ್ಕೆ ಹಾಕಿ, ನೆಲ ಒಣಗಿಸಿ, ಎರಡು ಮೂರು ಅಂಗುಲ ಹೊಸ ಉಮಿ ಹರಡಿ. ದಿನಕ್ಕೊಮ್ಮೆ ಒಂದು ಹಿಡಿ ಉಮಿ ತೆಗೆದು ಹಿಸುಕಿ ನೋಡಿ. ಕೈ ಬಿಚ್ಚಿದೊಡನೆ ಉದುರಿದರೆ ಒಳ್ಳೆಯದು. ಉಂಡೆಯಾಗಿಯೇ ಉಳಿದರೆ ಆ ಜಾಗದ ಹಾಸನ್ನು ಅಂದೇ ತೆಗೆಯಬೇಕು. ಒದ್ದೆ ಮೊದಲು ಆಗುವುದು ನೀರಿನ ಬಟ್ಟಲಿನ ಸುತ್ತ. ಬಟ್ಟಲನ್ನು ಒಂದು ಇಟ್ಟಿಗೆಯ ಮೇಲೆ, ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಹತ್ತು ಮರಿಯ ಪೆಟ್ಟಿಗೆಯಲ್ಲಿ ಮೊದಲ ವಾರ ಬಟ್ಟಲಿಗೆ ನಾಲ್ಕು ಬೆಣಚುಕಲ್ಲು ಹಾಕಿಡಿ. ಒಂದು ದಿನದ ಮರಿಗೆ ಮುಳುಗಿ ಸಾಯಲು ಒಂದು ಅಂಗುಲ ನೀರು ಸಾಕು.

ಈ ಸಲ ರಕ್ತ ಕಂಡರೆ ಕಾಯಬೇಡಿ. ಆಂಪ್ರೋಲಿಯಂ ಪುಡಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಕುಡಿಯುವ ನೀರಿಗೆ ಬೆರೆಸಿ ಇಡೀ ಗುಂಪಿಗೆ ಕೊಡಿ. ರೋಗಿ ಮರಿ ತಿನ್ನುವುದನ್ನು ಬಿಟ್ಟರೂ ನೀರು ಕುಡಿಯುತ್ತದೆ, ಅದಕ್ಕಾಗಿ ನೀರಿನಲ್ಲಿ. ಬೇರೆ ನೀರು ಸಿಗದಂತೆ ನೋಡಿಕೊಳ್ಳಬೇಕು. ಮಾಡಿನಂಚಿನಿಂದ ಬಿದ್ದ ಮಳೆನೀರೂ ನೀರೇ. ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ: ಈ ಔಷಧ ಕೊಡುವ ದಿನಗಳಲ್ಲಿ ಬಿ ಕಾಂಪ್ಲೆಕ್ಸ್ ಟಾನಿಕ್ ಕೊಡಬಾರದು. ಆಂಪ್ರೋಲಿಯಂ ಕೆಲಸ ಮಾಡುವುದೇ ಬಿ1 ಜೀವಸತ್ವದ ವೇಷದಲ್ಲಿ; ರೋಗಾಣು ಜೀವಸತ್ವ ಎಂದುಕೊಂಡು ಇದನ್ನು ಹೀರಿ ಸಾಯುತ್ತದೆ. ಪಕ್ಕದಲ್ಲಿಯೇ ಅಸಲಿ ಬಿ1 ಇಟ್ಟರೆ ಔಷಧಕ್ಕೆ ಕೆಲಸವಿಲ್ಲ. ಮರಿ ಸೊರಗಿದೆ ಎಂಬ ಕನಿಕರದಿಂದ ಎರಡನ್ನೂ ಒಟ್ಟಿಗೆ ಕೊಟ್ಟು, ಔಷಧ ಹಿಡಿಯಲಿಲ್ಲ ಎಂದವರನ್ನು ನಾನು ಎಷ್ಟೋ ನೋಡಿದ್ದೇನೆ. ಔಷಧ ಮುಗಿದ ಮೇಲೆ ಟಾನಿಕ್ ಕೊಡಿ.

ಈಗ ಕಪ್ಪು ಹೇಂಟೆಯ ಮಾತು. ಅತ್ತಿಗೆಯವರ ಮರಿಗಳನ್ನು ಅದು ಒಪ್ಪುವುದು ಅನುಮಾನ. ಹೇಂಟೆ ಪರರ ಮರಿಯನ್ನು ತನ್ನದೆಂದುಕೊಳ್ಳುವ ಕಾಲ ಬಹಳ ಚಿಕ್ಕದು. ತನ್ನ ಮೊಟ್ಟೆ ಒಡೆದ ರಾತ್ರಿ, ಹೆಚ್ಚೆಂದರೆ ಮರುದಿನ, ಅದರ ಮರುದಿನ. ಅಷ್ಟರಲ್ಲಿ ತನ್ನವುಗಳ ಸ್ವರ ಅದಕ್ಕೆ ಗುರುತಾಗಿರುತ್ತದೆ. ನನ್ನ ಅಜ್ಜಿ ಈ ಕೆಲಸವನ್ನು ಕತ್ತಲಲ್ಲಿಯೇ ಮಾಡುತ್ತಿದ್ದರು. ಚಿಮಣಿ ದೀಪವನ್ನು ಅಂಗಳದಲ್ಲೇ ಬಿಟ್ಟು, ಮರಿಯನ್ನು ಅಂಗೈಯಲ್ಲಿ ಬೆಚ್ಚಗೆ ಮುಚ್ಚಿಕೊಂಡು ಹೋಗಿ, ಹೇಂಟೆಯ ಹೊಟ್ಟೆಯಡಿಗೆ ಹಿಂದಿನಿಂದ ಕೈ ತೂರಿಸಿ ಒಂದು ಖಾಲಿ ಓಡು ಹೊರತೆಗೆದು ಆ ಜಾಗಕ್ಕೆ ಮರಿಯನ್ನು ಬಿಡುತ್ತಿದ್ದರು. ಆಮೇಲೆ ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೆಯೇ ಕೂರುತ್ತಿದ್ದರು. ಹೇಂಟೆ ತಗ್ಗು ಸ್ವರದಲ್ಲಿ ಕುರ್‍ ಕುರ್‍ ಎಂದು ರೆಕ್ಕೆ ಅಗಲಿಸಿದರೆ ಎದ್ದು ಬರುವುದು. ಮೈ ಬಿಗಿಹಿಡಿದು ಸುಮ್ಮನಾದರೆ ಮರಿಯನ್ನು ವಾಪಸು ತರುವುದು. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, ಐದು ದಿನದ ಮರಿಗಳಿದ್ದ ಹೇಂಟೆಯ ಮುಂದೆ ಹಗಲಲ್ಲಿ ಹೊಸ ಮರಿಯೊಂದನ್ನು ಬಿಟ್ಟೆ. ನಾನು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಅದರ ನೆತ್ತಿಯ ಚರ್ಮ ಸುಲಿದಿತ್ತು.

ನಿಮ್ಮ ಹೇಂಟೆಯ ಮರಿಗಳಿಗೆ ವಾರವಾಗಿದೆ. ಅದು ಒಪ್ಪಿತೆಂದೇ ಇಟ್ಟುಕೊಂಡರೂ ಏಳು ಮತ್ತು ಹತ್ತು ಸೇರಿದರೆ ಹದಿನೇಳು. ಊರ ಹೇಂಟೆಯ ರೆಕ್ಕೆಯಡಿ ಮಳೆಯ ರಾತ್ರಿಯಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಮರಿ ಹಿಡಿಯುವುದಿಲ್ಲ. ಹೊರಗುಳಿಯುವುದು ಯಾವಾಗಲೂ ಚಿಕ್ಕದೇ.

ಆದ್ದರಿಂದ ಆ ಹತ್ತಕ್ಕೆ ಬೇರೆ ಪೆಟ್ಟಿಗೆ, ಬೇರೆ ಕಾವು. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೊರಗಿನ ಹವೆಗೆ ಸರಿಹೊಂದಿಸುವುದು. ಬಯಲುಸೀಮೆಯ ಚಳಿಗಾಲದಷ್ಟು ಕಷ್ಟ ನಮಗಿಲ್ಲ. ನಮ್ಮ ಕಷ್ಟ ರಾತ್ರಿಯ ತಂಪು ಗಾಳಿ ಮತ್ತು ಕರೆಂಟು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಅಡಿಗೆ ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಚಳಿ. ಮೂಲೆ ಸೇರಿ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಅಕ್ಕಿ ಚೆಲ್ಲಿದ ಹಾಗೆ ಹರಡಿಕೊಂಡು ಮಲಗಿದ್ದರೆ ನೀವೂ ಹೋಗಿ ಮಲಗಬಹುದು.

ಬಲ್ಬು ಎಂದೆನಲ್ಲ, ಅದು ಹಳೆಯ ತಂತಿಯ ಬಲ್ಬು. ಒಮ್ಮೆ ಫೋನಿನಲ್ಲಿ ಒಬ್ಬರಿಗೆ “ರಾತ್ರಿಯಿಡೀ ಬಲ್ಬು ಉರಿಯಲಿ” ಎಂದು ಹೇಳಿ ಸುಮ್ಮನಾಗಿಬಿಟ್ಟೆ. ಮೂರನೆಯ ದಿನ ಅವರು ಅಳುದನಿಯಲ್ಲಿ ಕರೆದರು. ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ ಎಲ್‌ಇಡಿ ಬಲ್ಬು ಹಾಲು ಸುರಿದ ಹಾಗೆ ಬೆಳಗುತ್ತಿದೆ, ಕೆಳಗೆ ಮರಿಗಳು ತಣ್ಣಗೆ ರಾಶಿಯಾಗಿ ಬಿದ್ದಿವೆ. ತಪ್ಪು ನನ್ನದು; ಯಾವ ಬಲ್ಬು ಎಂದು ಕೇಳಬೇಕಿತ್ತು. ಹತ್ತು ಮರಿಗೆ 40 ಅಥವಾ 60 ವಾಟಿನ ತಂತಿಯ ಬಲ್ಬು ಒಂದು ಸಾಕು; ಎತ್ತರ ಇಳಿಸಿ ಏರಿಸಿ ಬಿಸಿಯನ್ನು ಹೊಂದಿಸಿ. ಗಾಳಿಮಳೆಗೆ ಕರೆಂಟು ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಹಳೆಯ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆ ಇಡುವ ರೂಢಿ ನಮ್ಮಲ್ಲಿದೆ. ಅದರ ವಿಷಗಾಳಿಗೆ ಮರಿಯೂ ಉಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರೂ ಉಳಿಯುವುದಿಲ್ಲ.

ಗಿರಿರಾಜ ಮರಿಗಳಿಗೆ ಆರು ವಾರ ಎಂದಿರಿ. ಪ್ರಾಯ ಬೆರೆಸುವಾಗ ಕ್ಯಾಲೆಂಡರನ್ನು ನಂಬಬೇಡಿ, ಮೈಯನ್ನು ನೋಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಿಲಿನ ಸಾಕಣೆಗೆಂದೇ ರೂಪಿಸಿದ ಈ ತಳಿ ಎರಡು ತಿಂಗಳಾಗುವಾಗ ಒಂದು ಕಿಲೋ ದಾಟುತ್ತದೆ. ಅದೇ ಪ್ರಾಯದ ಊರ ಮರಿ ಅದರ ಅರ್ಧಕ್ಕೂ ಬಂದಿರುವುದಿಲ್ಲ. ಊರ ಮರಿಗಳೇ ಆದರೆ ಒಂದು ವಾರದ ಅಂತರವನ್ನು ನಾನು ಅಂತರವೆಂದೇ ಎಣಿಸುವುದಿಲ್ಲ. ಎರಡು ವಾರದ ಅಂತರವಾದರೆ ಕಣ್ಣಿಡಬೇಕು. ಮೂರು ವಾರ ಕಳೆದರೆ ಬೇರೆ ಇಡಬೇಕು. ನಡುವೆ ಗಿರಿರಾಜ ಬಂದರೆ ಈ ಲೆಕ್ಕ ತಲೆಕೆಳಗು. ಹತ್ತು ದಿನದ ಊರ ಮರಿಯ ಪಾಲಿಗೆ ನಿಮ್ಮ ಆರು ವಾರದವು ದೈತ್ಯರು. ದ್ವೇಷದಿಂದ ಕೊಲ್ಲುವುದೂ ಬೇಕಿಲ್ಲ, ಅವು ಮೇವಿಗೆ ನುಗ್ಗುವಾಗ ತುಳಿದರೇ ಸಾಕು.

ಇವು ಗಾಡಿಯಲ್ಲಿ ಬಂದವು. ಯಾವ ಯಾವ ಊರಿನ ಮರಿಗಳ ಜತೆ ಒಂದೇ ಪಂಜರದಲ್ಲಿ ಸುತ್ತಿ ಬಂದಿವೆಯೋ, ಯಾವ ಲಸಿಕೆ ಆಗಿದೆಯೋ ದೇವರೇ ಬಲ್ಲ. ಜಗಲಿಯಲ್ಲಿ ಮೂರು ವಾರ ಬೇರೆ ಇಟ್ಟದ್ದು ನಿಮ್ಮ ಪುಣ್ಯ. ಇನ್ನೊಂದು ವಾರ ಅಲ್ಲಿಯೇ ಇರಲಿ. ಸೀನು, ಮೂಗಿನಲ್ಲಿ ನೀರು, ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಒಂದು ಮುಂದೆ ಒಂದು ಹಿಂದೆ ಚಾಚಿ ಬೀಳುವುದು ಇವುಗಳಲ್ಲಿ ಯಾವುದೂ ಕಾಣದಿದ್ದರೆ ಕೊಟ್ಟಿಗೆಯ ತಮ್ಮ ಭಾಗಕ್ಕೆ ಹೋಗಲಿ. ಕಾಲು ಚಾಚುವುದು ಮಾರೆಕ್ಸ್ ರೋಗದಲ್ಲಿ. ಅದರ ವೈರಸ್ಸು ದೊಡ್ಡ ಕೋಳಿಯ ಗರಿಯ ಹೊಟ್ಟಿನ ಜತೆ ಧೂಳಾಗಿ ಹಾರುತ್ತದೆ. ಅದಕ್ಕೆ ಲಸಿಕೆ ಹಾಕುವುದು ಮೊಟ್ಟೆಯೊಡೆದ ದಿನವೇ, ಮರಿ ಮಾಡುವ ಕೇಂದ್ರದಲ್ಲಿ. ಮನೆಯಲ್ಲಿ ಹುಟ್ಟಿದ ಮರಿಗೆ ಅದು ಸಿಗುವುದಿಲ್ಲ. ಎಳೆಯದರಲ್ಲಿ ಸೋಂಕು ತಗುಲಿದಷ್ಟೂ ಕೇಡು ಹೆಚ್ಚು ಎಂಬುದರಿಂದ, ಮೊದಲ ಕೆಲವು ವಾರ ಎಳೆಯವನ್ನು ದೊಡ್ಡವುಗಳ ಧೂಳಿನಿಂದ ದೂರ ಇಡಬೇಕು. ಅತ್ತಿಗೆಯವರ ಹತ್ತು ಮರಿಯ ಪೆಟ್ಟಿಗೆಯನ್ನು ಕೊಟ್ಟಿಗೆಗೆ ಒಯ್ಯದೆ ಅಡುಗೆಮನೆಯ ಹಿಂದಿನ ಚಾವಡಿಯಲ್ಲಿಡಿ ಎನ್ನುವುದು ಇದಕ್ಕಾಗಿ. ಕೆಲಸಕ್ಕೆ ಹೋಗುವಾಗಲೂ ಮೊದಲು ಈ ಹತ್ತು, ಆಮೇಲೆ ಹೇಂಟೆ ಮತ್ತು ಏಳು ಮರಿ, ಆಮೇಲೆ ಗಿರಿರಾಜ, ಕೊನೆಗೆ ದೊಡ್ಡವು. ದೊಡ್ಡವುಗಳ ನೆಲ ತುಳಿದ ಚಪ್ಪಲಿಯಲ್ಲಿ ವಾಪಸು ಮರಿಗಳ ಹತ್ತಿರ ಬರಬಾರದು.

ಕೊಕ್ಕರೆ ರೋಗ, ಅಂದರೆ ರಾಣಿಖೇತಿನ ಲಸಿಕೆ ಮಾತ್ರ ಬಿಡಲೇಬೇಡಿ. ಮರಿಗೆ ಆರೇಳು ದಿನವಾದಾಗ ಲಸೋಟಾ ಅಥವಾ ಎಫ್ ಲಸಿಕೆ ಕಣ್ಣಿಗೊಂದು ಹನಿ, ನಾಲ್ಕು ವಾರಕ್ಕೆ ಮತ್ತೆ ಲಸೋಟಾ, ಎಂಟು ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ಪ್ರಾಯ ನಾಲ್ಕಾದರೆ ತಾರೀಖೂ ನಾಲ್ಕಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಸೀಸೆಯಲ್ಲಿ ನೂರು ಡೋಸು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದನ್ನು ನಾಳೆಗೆ ಇಡುವಂತಿಲ್ಲ. ಹಾಗಾಗಿ ನೆರೆಯ ನಾಲ್ಕು ಮನೆಯವರು ಒಂದೇ ಬೆಳಿಗ್ಗೆ ಹಾಕಿಸುವುದು ಲೇಸು. ಪಶು ಚಿಕಿತ್ಸಾಲಯದಿಂದ ತರುವಾಗ ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿಕೊಂಡು ತನ್ನಿ. ಜೇಬಿನಲ್ಲಿ ಬಂದ ಲಸಿಕೆ ಬರೀ ನೀರು.

ಮೇವಿನಲ್ಲಿ ಎರಡು ತಪ್ಪು ನಡೆಯುತ್ತವೆ. ಮೊಟ್ಟೆ ಕೋಳಿಯ ಮೇವನ್ನು ಎಲ್ಲರಿಗೂ ಹಾಕುವುದು ಮೊದಲನೆಯದು. ಅದರಲ್ಲಿ ಶೇ. 3.5ರಿಂದ 4ರಷ್ಟು ಸುಣ್ಣದ ಅಂಶ ಇರುತ್ತದೆ. ಮೊಟ್ಟೆ ಇಡದ ಮರಿಗೆ ಅದರ ಕಾಲು ಭಾಗ ಸಾಕು. ಹೆಚ್ಚಾದದ್ದು ಮೂತ್ರಪಿಂಡವನ್ನು ಕೆಡಿಸುತ್ತದೆ. ತದ್ವಿರುದ್ಧವಾದರೆ ತೊಂದರೆಯಿಲ್ಲ: ಬೆಳೆಯುವ ಕೋಳಿಯ ಮೇವನ್ನೇ ದೊಡ್ಡ ಹೇಂಟೆಗಳಿಗೂ ಹಾಕಿ, ಮರುವಾಯಿ ಚಿಪ್ಪನ್ನು, ಅಂದರೆ ಕಪ್ಪೆಚಿಪ್ಪನ್ನು, ಕುಟ್ಟಿ ಬೇರೆ ಗೆರಟೆಯಲ್ಲಿಡಿ. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ. ಎಳೆಯವಕ್ಕೆ ಮಾತ್ರ ಶೇ. 20ರಷ್ಟು ಪ್ರೋಟೀನಿರುವ ಮರಿ ಮೇವೇ ಬೇಕು. ನುಚ್ಚಕ್ಕಿಯಲ್ಲಿ ಅದರ ಅರ್ಧವೂ ಇಲ್ಲ.

ಎರಡನೆಯ ತಪ್ಪು ನಮ್ಮ ಕರಾವಳಿಯದ್ದೇ. ಮರಿಗೆ ಪುಷ್ಟಿ ಬರಲೆಂದು ಒಣಮೀನಿನ ತಲೆ ಕುಟ್ಟಿ ಹಾಕುವುದು. ಉಪ್ಪು ಹಾಕದೆ ಒಣಗಿಸಿದ್ದಾದರೆ ಒಳ್ಳೆಯದೇ. ಉಪ್ಪು ಹಾಕಿದ್ದಾದರೆ ಮರಿ ನೀರು ಕುಡಿದು ಕುಡಿದು, ನೀರಾಗಿಯೇ ಹಿಕ್ಕೆ ಹಾಕಿ ಹಾಸನ್ನೂ ಒದ್ದೆ ಮಾಡುತ್ತದೆ, ಉಪ್ಪು ಹೆಚ್ಚಾದರೆ ಸಾಯುತ್ತದೆ. ಮಳೆಗಾಲದಲ್ಲಿ ಮೇವಿನ ಚೀಲ ಬೂಸ್ಟು ಹಿಡಿದರೆ ಎಲ್ಲವನ್ನೂ ಎಸೆಯಿರಿ. “ದೊಡ್ಡವಕ್ಕಾದರೂ ಹಾಕೋಣ” ಎನ್ನುವುದು ಉಳಿತಾಯವಲ್ಲ. ಬೂಸ್ಟಿನ ವಿಷ ಮೊದಲು ಮರಿಯನ್ನು ಕೊಲ್ಲುತ್ತದೆ, ದೊಡ್ಡದರ ಯಕೃತ್ತನ್ನು ನಿಧಾನಕ್ಕೆ ತಿನ್ನುತ್ತದೆ.

ಅಂಗಳದಲ್ಲಿ ಹೇಂಟೆಯೂ ಮರಿಗಳೂ ಒಟ್ಟಿಗೆ ತಿರುಗುವಾಗ ಮರಿ ಮೇವನ್ನು ದೊಡ್ಡವು ಬಾಚಿಕೊಳ್ಳುತ್ತವೆ. ಅದಕ್ಕೆ ಮನೆಯಲ್ಲಿಯೇ ಉಪಾಯವಿದೆ. ಅಗಲ ಹೆಣಿಗೆಯ ಹಳೆಯ ಕುಕ್ಕೆಯೊಂದನ್ನು ಬೋರಲು ಹಾಕಿ, ಬುಡದಲ್ಲಿ ಮೂರು ಅಂಗುಲದ ಎರಡು ಮೂರು ಕಿಂಡಿ ಬಿಡಿಸಿ, ಒಳಗೆ ಮೇವು ನೀರು ಇಡಿ. ಮರಿ ನುಸುಳಿ ಒಳಹೋಗುತ್ತದೆ, ದೊಡ್ಡದು ಸುತ್ತ ತಿರುಗಿ ಬೈಯುತ್ತದೆ. ಅಟ್ಟಿಸಿಕೊಂಡು ಬಂದಾಗ ಓಡಿ ಅವಿತುಕೊಳ್ಳುವುದಕ್ಕೂ ಅದೇ ಕುಕ್ಕೆ. ಕೆಂಬೂತ, ನಮ್ಮವರು ಕುಪ್ಪುಳು ಎನ್ನುವ ಹಕ್ಕಿ, ಬೇಲಿಯಿಂದ ಇಳಿದರೂ ಅಲ್ಲಿಗೇ ಓಟ.

ಇನ್ನು ಯಾವಾಗ ಸೇರಿಸಬಹುದು ಎಂಬುದು. ಕಪ್ಪು ಹೇಂಟೆ ಒಂದೂವರೆ ಎರಡು ತಿಂಗಳಿಗೆ ತನ್ನ ಮರಿಗಳನ್ನು ತಾನೇ ಕುಕ್ಕಿ ಓಡಿಸತೊಡಗುತ್ತದೆ. ಆಗ ಆ ಏಳನ್ನೂ ಚಾವಡಿಯ ಹತ್ತನ್ನೂ ಒಂದು ಮಾಡಿ. ಅಂತರ ವಾರದ್ದಷ್ಟೇ, ತಾಯಿ ಅಡ್ಡ ಬರುವುದಿಲ್ಲ. ಗಿರಿರಾಜಗಳು ದೊಡ್ಡವುಗಳ ಜತೆ ಸೇರುವುದು ನಾಲ್ಕು ತಿಂಗಳಾದ ಮೇಲೆ. ತೂಕದಲ್ಲಿ ಅವು ಮೊದಲೇ ಸಮಕ್ಕೆ ಬಂದಿರುತ್ತವೆ, ಆದರೆ ಬುದ್ಧಿ ಬಂದಿರುವುದಿಲ್ಲ. ಅವುಗಳಲ್ಲಿನ ಹುಂಜಗಳನ್ನು ಸೇರಿಸಲೇಬೇಡಿ. ಒಂದೂವರೆ ಕಿಲೋದ ಊರ ಹೇಂಟೆಯ ಮೇಲೆ ಮೂರು ನಾಲ್ಕು ಕಿಲೋದ ಹುಂಜ ಏರಿದರೆ ಅದರ ಬೆನ್ನು ಹರಿಯುತ್ತದೆ. ಒಂದನ್ನೂ ಉಳಿಸದೆ ರೊಟ್ಟಿಯ ಜತೆ ಮುಗಿಸಿ. ಹೇಗೂ ಆ ಹೊತ್ತಿಗೆ ನೆಂಟರು ಬರುತ್ತಾರೆ.

ಸೇರಿಸುವ ಮೊದಲು ವಾರವಾದರೂ ಬಲೆಯ ಆಚೀಚೆ ಮುಖ ನೋಡಿಕೊಳ್ಳಲಿ. ಬುಡದ ಹಲಗೆಯ ಮೇಲಿನ ಬಲೆಯಿಂದ ಅಷ್ಟು ಕಾಣುತ್ತದೆ. ರಾತ್ರಿ ಕತ್ತಲಲ್ಲಿ ಹೊಸದನ್ನು ಹಳೆಯದರ ಪಕ್ಕ ಕೂರಿಸಿಬಿಟ್ಟರೆ ಗೊತ್ತಾಗುವುದಿಲ್ಲ ಎಂದು ಹಲವರು ಹೇಳುತ್ತಾರೆ. ರಾತ್ರಿ ಗೊತ್ತಾಗುವುದಿಲ್ಲ ನಿಜ. ಐದೂವರೆಗೆ ಬೆಳಕು ಹರಿದಾಗ ಗೊತ್ತಾಗುತ್ತದೆ, ಆಗ ನೀವು ಹಾಸಿಗೆಯಲ್ಲಿರುತ್ತೀರಿ. ನನಗೆ ಸರಿ ಕಂಡದ್ದು ಮಳೆ ಬಿಟ್ಟ ಒಂದು ಸಂಜೆ, ಗೂಡಿಗೆ ಸೇರಲು ಎರಡು ಗಂಟೆ ಇರುವಾಗ, ಅಂಗಳದಲ್ಲಿ ಎರಡು ಗುಂಪನ್ನೂ ಬಿಟ್ಟು ನಾಲ್ಕು ಕಡೆ ಕಾಳು ಚೆಲ್ಲಿ ಅಲ್ಲಿಯೇ ಕೂರುವುದು. ಹೊಸದನ್ನು ಒಂಟಿಯಾಗಿ ಬಿಡಬಾರದು, ಗುಂಪಾಗಿಯೇ ಬಿಡಬೇಕು. ಅಟ್ಟಿಸುವುದು, ಒಂದೆರಡು ಗರಿ ಕೀಳುವುದು ಇದ್ದದ್ದೇ, ಕೈ ಹಾಕಬೇಡಿ. ರಕ್ತ ಕಂಡರೆ ಮಾತ್ರ ಆ ಕೋಳಿಯನ್ನು ಕೂಡಲೇ ಎತ್ತಿ. ಕೆಂಪು ಕಂಡಲ್ಲಿಗೇ ಎಲ್ಲವೂ ಬಂದು ಕುಕ್ಕುತ್ತವೆ. ಗಾಯಕ್ಕೆ ಅರಶಿನ ಕಲಸಿದ ಬೇವಿನೆಣ್ಣೆ ಹಚ್ಚಿ, ಒಣಗುವವರೆಗೆ ಬಲೆಯ ಈಚೆ ಇಡಿ.

ಕಪ್ಪು ಹೇಂಟೆ ಮತ್ತೆ ಕಾವಿಗೆ ಕೂತಾಗ ಅದರ ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಡಿ. ಬೇರೆ ಹೇಂಟೆಗಳು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಗೆರೆ ಇಲ್ಲದ್ದನ್ನು ಸಂಜೆ ಸಂಜೆಗೆ ತೆಗೆದರೆ ಇಪ್ಪತ್ತೊಂದನೆಯ ದಿನಕ್ಕೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ಅತ್ತಿಗೆಗೂ ಆ ತಾರೀಖನ್ನು ಮೊದಲೇ ತಿಳಿಸಿಡಿ. ಮರಿ ತರುವುದಿದ್ದರೆ ಅಂದೇ ತರಲಿ, ಕತ್ತಲಾದ ಮೇಲೆ.